ಪೊಲೀಸರು ಬಳಸಿ ಬಿಟ್ಟ ಪಿಸ್ತೂಲಿನ ಹಿಡಿಯನ್ನು ನಿಮ್ಮ ಕೈಗೆ ಹೊಂದಿಸುವುದು ಹೇಗೆ?

ಮೂರು ತಿಂಗಳು ನಾನು ಪಿಸ್ತೂಲಿನ ಹಿಂದಿನ ಸೈಟನ್ನು, ಅಂದರೆ ಗುರಿ ನೋಡುವ ಕಚ್ಚನ್ನು, ಬಲಕ್ಕೆ ತಳ್ಳುತ್ತಲೇ ಇದ್ದೆ. ಅಮೆರಿಕಕ್ಕೆ ಬಂದು ಕೆಲವು ವರ್ಷಗಳಾದ ಮೇಲೆ ಕೊಂಡ ಮೊದಲ ಪಿಸ್ತೂಲ್ ಅದು. ಯಾವುದೋ ಪೊಲೀಸ್ ಇಲಾಖೆ ಬಳಸಿ ಬಿಟ್ಟದ್ದು. ಏಳು ಗಜದಲ್ಲಿ ಗುಂಡುಗಳೆಲ್ಲ ಮೂರು ಇಂಚು ಎಡಕ್ಕೆ ಬೀಳುತ್ತಿದ್ದವು. ಸೈಟ್ ಕೆಟ್ಟಿದೆ ಅಂದುಕೊಂಡೆ. ಸೈಟ್ ಬದಲಿಸಿದೆ. ತೋಟಾ ಬದಲಿಸಿದೆ. ಒಂದು ದಿನ ಪಕ್ಕದಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದ ಹಿರಿಯರೊಬ್ಬರು ನನ್ನ ಕೈಯನ್ನೇ ನೋಡುತ್ತಾ ನಿಂತರು. ಆಮೇಲೆ, "ನಿಮ್ಮ ಬೆರಳು ಟ್ರಿಗರ್‌ಗೆ ಸರಿಯಾಗಿ ಎಟುಕುತ್ತಿಲ್ಲ" ಎಂದರು. ಅಷ್ಟೇ. ತೊಂದರೆ ಸೈಟಿನದಾಗಿರಲಿಲ್ಲ. ನನ್ನದು ಸಣ್ಣ ಕೈ. ಆ ಹಿಡಿ ನನಗಿಂತ ದೊಡ್ಡ ಕೈಗೆ ಆಗುವಂಥದ್ದು.

ಗುದ್ದಲಿಗೆ ಕಾವು ಹಾಕಿಸಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ನಮ್ಮಜ್ಜ ಬಡಗಿಯ ಎದುರು ಕೂತು, ಕಾವನ್ನು ನಾಲ್ಕು ಸಲ ಹಿಡಿದು ನೋಡಿ, ಇಲ್ಲಿ ಸ್ವಲ್ಪ ಕೆತ್ತು, ಅಲ್ಲಿ ಹಾಗೇ ಬಿಡು ಎನ್ನುತ್ತಿದ್ದರು. ಬೇರೆಯವರ ಗುದ್ದಲಿ ಹಿಡಿದ ದಿನ ಅಂಗೈಯಲ್ಲಿ ಬೊಬ್ಬೆ ಗ್ಯಾರಂಟಿ. ಪೊಲೀಸ್ ಇಲಾಖೆ ಪಿಸ್ತೂಲ್ ಕೊಳ್ಳುವುದು ಸಾವಿರಾರು ಕೈಗಳಿಗೆ. ಒಬ್ಬೊಬ್ಬರ ಕೈ ನೋಡಿ ಕೊಳ್ಳಲು ಆಗುವುದಿಲ್ಲ. ಆ ಪಿಸ್ತೂಲ್ ಈಗ ನಿಮ್ಮೊಬ್ಬರದು. ಅದಕ್ಕೇ ಸೈಟ್, ಟ್ರಿಗರ್, ತೋಟಾ ಇವುಗಳಿಗೆ ದುಡ್ಡು ಹಾಕುವ ಮೊದಲು ಹಿಡಿಯನ್ನು ಸರಿಮಾಡಿಕೊಳ್ಳಿ.

ಎರಡು ಪದಗಳನ್ನು ಇಲ್ಲೇ ಬೇರೆ ಮಾಡಿಕೊಳ್ಳೋಣ. ಹಿಡಿ ಅಂದರೆ ಪಿಸ್ತೂಲಿನ ಭಾಗ. ಹಿಡಿತ ಅಂದರೆ ನಿಮ್ಮ ಕೈ ಮಾಡುವ ಕೆಲಸ. ಇಂಗ್ಲಿಷಿನಲ್ಲಿ ಎರಡಕ್ಕೂ ಗ್ರಿಪ್ ಅನ್ನುತ್ತಾರೆ. ಹಾಗಾಗಿ ಹಿಡಿಯ ದೋಷಕ್ಕೆ ಹಿಡಿತವನ್ನು ಬೈಯುವುದು, ಹಿಡಿತದ ದೋಷಕ್ಕೆ ಹೊಸ ಹಿಡಿ ಕೊಳ್ಳುವುದು ಎರಡೂ ನಡೆಯುತ್ತವೆ. ಹಿಡಿಯ ಹಿಂಭಾಗವನ್ನು ಬೆನ್ನು ಎಂದೂ, ಬೆರಳು ಸುತ್ತುವ ಮುಂಭಾಗವನ್ನು ಹೊಟ್ಟೆ ಎಂದೂ ಕರೆಯುತ್ತೇನೆ.

ಮೊದಲು ಕಾನೂನಿನ ಮಾತು

ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ಗಮನವಿಟ್ಟು ಓದಿ. ಎಚ್-1ಬಿ ತರಹದ ತಾತ್ಕಾಲಿಕ ವೀಸಾದಲ್ಲಿ ಬಂದವರು ಬಂದೂಕು ಅಥವಾ ತೋಟಾ ಇಟ್ಟುಕೊಳ್ಳುವುದನ್ನು ಅಲ್ಲಿನ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಕೆಲವೇ ವಿನಾಯಿತಿಗಳಿವೆ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಅವುಗಳಲ್ಲೊಂದು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ಲೈಸೆನ್ಸ್ ಇರುವ ಅಂಗಡಿಯಿಂದ ಪಿಸ್ತೂಲ್ ಕೊಳ್ಳಲು 21 ವರ್ಷ ಆಗಿರಬೇಕು, 4473 ಎಂಬ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ಆಗಬೇಕು. ನ್ಯೂಯಾರ್ಕ್, ಕ್ಯಾಲಿಫೋರ್ನಿಯಾದಂಥ ರಾಜ್ಯಗಳಲ್ಲಿ ಇದರ ಮೇಲೆ ಇನ್ನೂ ನಿಯಮಗಳಿವೆ. ಅನುಮಾನವಿದ್ದರೆ ವಕೀಲರನ್ನು ಕೇಳಿ. ವೀಸಾ ಕಳೆದುಕೊಳ್ಳುವಷ್ಟು ದೊಡ್ಡ ವಿಷಯ ಇದು.

ಭಾರತದಲ್ಲಿ 9 ಎಂ.ಎಂ. ಸಾಮಾನ್ಯ ಲೈಸೆನ್ಸಿಗೆ ಸಿಗದ ನಿಷೇಧಿತ ಬೋರ್ (ನಳಿಗೆಯ ಒಳ ಅಳತೆ). ಹಾಗಾಗಿ ಊರಿನಲ್ಲಿರುವವರಿಗೆ ಇಲ್ಲಿನ 9 ಎಂ.ಎಂ. ಪಿಸ್ತೂಲುಗಳು ಸಿಗುವುದಿಲ್ಲ. ಆದರೆ 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡುವವರಿಗೆ ಕೈ ಅಳೆಯುವ ವಿಷಯ ಅಷ್ಟೂ ಉಪಯೋಗಕ್ಕೆ ಬರುತ್ತದೆ.

ಇಷ್ಟೊಂದು ಪಿಸ್ತೂಲುಗಳು ಎಲ್ಲಿಂದ ಬಂದವು?

1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಗುಂಡಿನ ಕಾಳಗದಲ್ಲಿ ಎಫ್‌ಬಿಐನ ಇಬ್ಬರು ಅಧಿಕಾರಿಗಳು ಸತ್ತರು. ಆಮೇಲೆ ಹೆಚ್ಚು ಬಲದ ತೋಟಾಕ್ಕಾಗಿ ಹುಡುಕಾಟ ಶುರುವಾಯಿತು. 1990ರಲ್ಲಿ .40 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ತೋಟಾ ಬಂತು. ಊರೂರಿನ ಪೊಲೀಸ್ ಇಲಾಖೆಗಳು ಅದನ್ನೇ ಕೊಂಡವು. ಮುಂದೆ 9 ಎಂ.ಎಂ. ಗುಂಡುಗಳು ಸುಧಾರಿಸಿದವು. 2015ರ ಹೊತ್ತಿಗೆ ಎಫ್‌ಬಿಐ ಮತ್ತೆ 9 ಎಂ.ಎಂ. ಕಡೆ ಹೊರಳಿತು, ಇಲಾಖೆಗಳು ಹಿಂದೆಯೇ ಹೋದವು. ಹೀಗೆ ಗ್ಲಾಕ್ 22, ಸ್ಮಿತ್ ಅಂಡ್ ವೆಸನ್ ಎಂ ಅಂಡ್ ಪಿ 40, ಸಿಗ್ ಪಿ226 ರಾಶಿ ರಾಶಿಯಾಗಿ ಹಳೆಯ ಮಾಲಿನ ಅಂಗಡಿಗಳಿಗೆ ಬಂದವು. ಇನ್ನೂ ಹಿಂದಿನ ಕಾಲದವೂ ಸಿಗುತ್ತವೆ: ಸ್ಮಿತ್ ಅಂಡ್ ವೆಸನ್‌ನ ಮಾಡೆಲ್ 10 ರಿವಾಲ್ವರ್, ಅದೇ ಕಂಪನಿಯ ಉಕ್ಕಿನ 5906, ಬೆರೆಟ್ಟಾ 92, ಪಶ್ಚಿಮ ಜರ್ಮನಿಯ ಪೊಲೀಸರ ಸಿಗ್ ಪಿ6. ಬಹುತೇಕವು ಸೊಂಟದಲ್ಲಿ ವರ್ಷಗಟ್ಟಲೆ ಕೂತವು, ಹಾರಿಸಿದ್ದು ಕಡಿಮೆ. ಹೊರಮೈ ಸವೆದಿರುತ್ತದೆ, ಒಳಗೆ ಗಟ್ಟಿಯಾಗಿರುತ್ತದೆ.

ಹಂತ 1: ಖಾಲಿ ಮಾಡಿ, ಮತ್ತೆ ನೋಡಿ, ಇನ್ನೊಮ್ಮೆ ನೋಡಿ

ಮೊದಲು ಮ್ಯಾಗಜಿನ್, ಅಂದರೆ ತೋಟಾ ತುಂಬಿದ ಡಬ್ಬಿ, ತೆಗೆಯಿರಿ. ಆಮೇಲೆ ಸ್ಲೈಡ್, ಅಂದರೆ ಮೇಲೆ ಜಾರುವ ಭಾಗ, ಹಿಂದಕ್ಕೆಳೆದು ನಿಲ್ಲಿಸಿ. ಈ ಕ್ರಮ ತಪ್ಪಬಾರದು. ಮ್ಯಾಗಜಿನ್ ಒಳಗಿಟ್ಟು ಸ್ಲೈಡ್ ಎಳೆದು ಬಿಟ್ಟರೆ ಹೊಸ ತೋಟಾ ಒಳಗೆ ಹೋಗಿ ಕೂರುತ್ತದೆ. ತೋಟಾ ಕೂರುವ ಕೋಣೆಯೊಳಗೆ (ಚೇಂಬರ್) ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ ನೋಡಿ. ರಿವಾಲ್ವರ್ ಆದರೆ ಸಿಲಿಂಡರ್ ತೆರೆದು ಆರೂ ಕೋಣೆ ಎಣಿಸಿ. 5906ರಂಥವು ಮ್ಯಾಗಜಿನ್ ಇಲ್ಲದಿದ್ದರೆ ಹಾರುವುದಿಲ್ಲ, ಆದರೆ ಅದನ್ನು ನಂಬಿ ಕೂರಬೇಡಿ. ತೋಟಾಗಳನ್ನೆಲ್ಲ ಮನೆಯ ಬೇರೆ ರೂಮಿನಲ್ಲಿಡಿ. ಮುಂದಿನ ಪರೀಕ್ಷೆಗಳಲ್ಲಿ ಪಿಸ್ತೂಲಿನ ಬಾಯಿ ಯಾವಾಗಲೂ ಗುಂಡು ತಡೆಯಬಲ್ಲ ಗೋಡೆಯ ಕಡೆಗೇ ಇರಲಿ. ಮನೆಯಲ್ಲಿ ಮಕ್ಕಳಿದ್ದರೆ ಅವರು ಇಲ್ಲದ ಹೊತ್ತು ಆರಿಸಿಕೊಳ್ಳಿ.

ಹಂತ 2: ಬೆರಳು ಎಟುಕುತ್ತದೆಯೇ?

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಮೂರು ತಿಂಗಳು ನನ್ನನ್ನು ಅಲೆಸಿದ್ದೂ ಇದೇ.

ಪಿಸ್ತೂಲನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಕವಲಿಗೆ ಹಿಡಿಯ ಬೆನ್ನನ್ನು ಒತ್ತಿ ಕೂರಿಸಿ. ನಳಿಗೆ ಮುಂಗೈಯ ಮೂಳೆಯ ನೇರಕ್ಕೆ ಇರಬೇಕು. ಮೇಲಿನಿಂದ ನೋಡಿದರೆ ಮೊಣಕೈ, ಮಣಿಕಟ್ಟು, ನಳಿಗೆ ಒಂದೇ ಗೆರೆಯಲ್ಲಿ ಕಾಣಬೇಕು. ಈಗ ಕೈ ತಿರುಗಿಸದೆ ತೋರುಬೆರಳನ್ನು ಟ್ರಿಗರ್ ಮೇಲಿಡಿ.

ಉಗುರಿನ ಹಿಂದಿನ ಮೆತ್ತಗಿನ ಭಾಗದ ನಡುಮಧ್ಯ ಟ್ರಿಗರ್ ಮೇಲೆ ಬಂತೇ? ಬೆರಳಿನ ಬುಡಕ್ಕೂ ಪಿಸ್ತೂಲಿನ ಪಕ್ಕೆಗೂ ನಡುವೆ ಸಣ್ಣ ಸಂದು ಉಳಿಯಿತೇ? ಹಾಗಿದ್ದರೆ ಹಿಡಿ ನಿಮ್ಮದೇ. ಬೆರಳ ತುದಿ ಮಾತ್ರ ಮುಟ್ಟುತ್ತಿದ್ದರೆ, ಎಳೆದಾಗ ಅದು ಟ್ರಿಗರನ್ನು ನೇರ ಹಿಂದಕ್ಕೆ ತರುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ. ಬಲಗೈಯವರ ಗುಂಡು ಎಡಕ್ಕೆ ಹೋಗುತ್ತದೆ. ಬೆರಳು ಜಾಸ್ತಿ ಒಳಗೆ ಹೋಗಿ ಮೊದಲ ಗೆಣ್ಣು ಟ್ರಿಗರ್ ಮೇಲೆ ಕೂತರೆ ಇದರ ಉಲ್ಟಾ ಆಗುವುದುಂಟು.

ಸಣ್ಣ ಕೈಯವರು ತಿಳಿಯದೇ ಒಂದು ಉಪಾಯ ಮಾಡುತ್ತಾರೆ. ಬೆರಳು ಎಟುಕಲಿ ಎಂದು ಇಡೀ ಕೈಯನ್ನೇ ಸುತ್ತ ತಿರುಗಿಸುತ್ತಾರೆ. ಆಗ ಪಿಸ್ತೂಲಿನ ಬೆನ್ನು ಕವಲಿನಿಂದ ಜಾರಿ ಹೆಬ್ಬೆರಳಿನ ಬುಡದ ಗೆಣ್ಣಿಗೆ ಬರುತ್ತದೆ. ಒದೆತ ತೋಳಿಗೆ ಹೋಗದೆ ಹೆಬ್ಬೆರಳಿಗೆ ಬೀಳುತ್ತದೆ. ನೋವಾಗುತ್ತದೆ, ಪ್ರತಿ ಗುಂಡಿಗೂ ಪಿಸ್ತೂಲ್ ಕೈಯಲ್ಲಿ ಜರುಗುತ್ತದೆ. ನಾನು ಮಾಡುತ್ತಿದ್ದದ್ದು ಸರಿಯಾಗಿ ಇದೇ.

ಬೆರೆಟ್ಟಾ 92, ಸಿಗ್ ಪಿ226, 5906 ಇವುಗಳನ್ನು ಹ್ಯಾಮರ್, ಅಂದರೆ ಹಿಂದಿನ ಸಣ್ಣ ಸುತ್ತಿಗೆ, ಕೆಳಗಿಟ್ಟೇ ಅಳೆಯಿರಿ. ಮೊದಲ ಗುಂಡಿಗೆ ಟ್ರಿಗರ್ ಬಹಳ ಮುಂದಿರುತ್ತದೆ, ಎಳೆತವೂ ಉದ್ದ ಮತ್ತು ಭಾರ. ಆಮೇಲಿನ ಗುಂಡುಗಳಿಗೆ ಅದು ಹಿಂದೆ ಬಂದು ಕೂರುತ್ತದೆ. ಅಂಗಡಿಯಲ್ಲಿ ಹ್ಯಾಮರ್ ಎತ್ತಿ ಹಿಡಿದು ನೋಡಿ, ಚೆನ್ನಾಗಿದೆ ಎಂದು ಕೊಂಡವರು ಮೊದಲ ಗುಂಡಿನಲ್ಲಿ ಕಷ್ಟಪಡುತ್ತಾರೆ. ರಿವಾಲ್ವರ್ ಮಾತು ಸ್ವಲ್ಪ ಬೇರೆ. ಮಾಡೆಲ್ 10ರ ಎಳೆತ 10–12 ಪೌಂಡ್ ಆಸುಪಾಸು ಇರುತ್ತದೆ. ಅಷ್ಟು ಭಾರಕ್ಕೆ ಬೆರಳ ಮೊದಲ ಗೆಣ್ಣಿನ ಹತ್ತಿರ ಟ್ರಿಗರ್ ಇಡುವುದೇ ಹಲವರಿಗೆ ಅನುಕೂಲ.

ಹಂತ 3: ಕೈ ಎಷ್ಟು ಮೇಲೆ ಹೋಗುತ್ತದೆ?

ಗುಂಡು ಹಾರಿದಾಗ ಒದೆತ ನಳಿಗೆಯ ನೇರಕ್ಕೆ ಹಿಂದಕ್ಕೆ ಬರುತ್ತದೆ. ನಿಮ್ಮ ಕೈ ಇರುವುದು ನಳಿಗೆಯ ಕೆಳಗೆ. ಇವೆರಡರ ನಡುವಿನ ಎತ್ತರ ಜಾಸ್ತಿಯಾದಷ್ಟೂ ಪಿಸ್ತೂಲಿನ ಮೂತಿ ಮೇಲೇಳುತ್ತದೆ. ಏತದ ಲೆಕ್ಕ ಇದು, ಅಷ್ಟೇ. ಹಾಗಾಗಿ ಕವಲು ಹಿಡಿಯ ಬೆನ್ನಿನಲ್ಲಿ ಹೋಗುವಷ್ಟೂ ಮೇಲೆ ಹೋಗಬೇಕು. ಕವಲಿಗೂ ಹಿಡಿಯ ಮೇಲ್ತುದಿಯ ಹಿಂದಿನ ಚಾಚಿಗೂ ನಡುವೆ ಬೆಳಕು ಕಾಣಬಾರದು.

ಗ್ಲಾಕ್‌ಗಳಲ್ಲಿ ನಳಿಗೆ ಕೈಗೆ ಹತ್ತಿರ. ಸಿಗ್ ಪಿ226, ಬೆರೆಟ್ಟಾಗಳಲ್ಲಿ ಹ್ಯಾಮರ್ ಹೊರಗಿರುವ ಕಾರಣ ನಳಿಗೆ ಸ್ವಲ್ಪ ಎತ್ತರದಲ್ಲಿರುತ್ತದೆ. ಅದು ಕೊರತೆಯೇನಲ್ಲ. ಅವುಗಳ ತೂಕ ಒದೆತವನ್ನು ನುಂಗುತ್ತದೆ. ಕೈ ಮಾತ್ರ ಕೆಳಗೆ ಜಾರದಂತೆ ನೋಡಿಕೊಳ್ಳಬೇಕು.

ಕವಲಿನಲ್ಲಿ ಮಾಂಸ ಜಾಸ್ತಿ ಇದ್ದವರು ಎಚ್ಚರ. ವಾಲ್ಥರ್ ಪಿಪಿಯಂಥ ಹಳೆಯ ಸಣ್ಣ ಪಿಸ್ತೂಲುಗಳಲ್ಲಿ ಕೈ ಬಹಳ ಮೇಲೆ ಹೋದರೆ ಸ್ಲೈಡ್ ಚರ್ಮವನ್ನು ಗೀರುತ್ತದೆ. ನಿಧಾನವಾಗಿ ಸ್ಲೈಡ್ ಎಳೆದು, ಎಲ್ಲಿ ತಾಗುತ್ತದೆ ಎಂದು ಮನೆಯಲ್ಲೇ ನೋಡಿಕೊಳ್ಳಿ.

ಹಂತ 4: ಕಣ್ಣು ಮುಚ್ಚಿ ಎತ್ತಿ

ಖಾಲಿ ಪಿಸ್ತೂಲನ್ನು ಎರಡೂ ಕೈಯಲ್ಲಿ ಎದೆಯ ಹತ್ತಿರ ಹಿಡಿಯಿರಿ. ಬೆರಳು ಟ್ರಿಗರ್ ಹೊರಗೆ. ಗೋಡೆಯ ಒಂದು ಚುಕ್ಕೆ ನೋಡಿ, ಕಣ್ಣು ಮುಚ್ಚಿ, ಸಲೀಸಾಗಿ ಮುಂದಕ್ಕೆ ಚಾಚಿ. ಮಣಿಕಟ್ಟನ್ನು ಬೇಕೆಂದು ಬಗ್ಗಿಸಬೇಡಿ. ಈಗ ಕಣ್ಣು ತೆರೆಯಿರಿ.

ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನಲ್ಲಿ ಕೂತಿದ್ದರೆ ಹಿಡಿಯ ಕೋನ ನಿಮ್ಮ ಮಣಿಕಟ್ಟಿಗೆ ಒಪ್ಪುತ್ತದೆ. ಮುಂದಿನ ಸೈಟ್ ಮೇಲೆದ್ದಿದ್ದರೆ ಹಿಡಿ ಮೂತಿಯನ್ನು ಎತ್ತುತ್ತಿದೆ. ಕಾಣದೇ ಹೋಗಿದ್ದರೆ ತಗ್ಗಿಸುತ್ತಿದೆ. ಹತ್ತು ಸಲ ಮಾಡಿ. ಒಂದೆರಡು ಸಲದ ಫಲ ನಂಬಬೇಡಿ.

ಅಮೆರಿಕದ ಸೇನೆ ಬಳಸುತ್ತಿದ್ದ 1911 ಎಂಬ ಪಿಸ್ತೂಲಿನ ಹಿಡಿ ಸುಮಾರು 18 ಡಿಗ್ರಿ ಓರೆ ಎನ್ನುತ್ತಾರೆ, ಗ್ಲಾಕ್‌ನದು ಸುಮಾರು 22. ನಾಲ್ಕೇ ಡಿಗ್ರಿ ಅಲ್ವಾ ಅನಿಸಬಹುದು. ಆದರೆ 1911 ರೂಢಿಯಾದ ಕೈಗೆ ಗ್ಲಾಕ್ ಕೊಟ್ಟರೆ ಮೂತಿ ಮೇಲಕ್ಕೆ ನೋಡುತ್ತದೆ. ಇದಕ್ಕೆ ಗ್ಲಾಕ್‌ನ ಬೆನ್ನಿನ ಕೆಳಭಾಗದ ಉಬ್ಬೂ ಕಾರಣ. ಆ ಉಬ್ಬು ಅಂಗೈಯ ಬುಡವನ್ನು ತುಂಬಿ, ಹಿಡಿಯ ಕೆಳತುದಿಯನ್ನು ಮುಂದಕ್ಕೆ ತಳ್ಳುತ್ತದೆ, ಮೂತಿ ಏಳುತ್ತದೆ.

ಇದೇ ಗುಣವನ್ನು ಅಮೆರಿಕದ ಸೇನೆ ಬೇಕೆಂದೇ ಬಳಸಿಕೊಂಡಿತ್ತು. ಮೊದಲ ಮಹಾಯುದ್ಧದ ನಂತರ, 1920ರ ದಶಕದಲ್ಲಿ, 1911 ಪಿಸ್ತೂಲನ್ನು ತಿದ್ದಿ 1911ಎ1 ಮಾಡಿದರು. ಬೆನ್ನಿನ ಕೆಳಭಾಗವನ್ನು ಕಮಾನಿನ ಹಾಗೆ ಉಬ್ಬಿಸಿದರು. ಟ್ರಿಗರ್ ಗಿಡ್ಡ ಮಾಡಿದರು. ಟ್ರಿಗರ್ ಹಿಂದೆ ಬೆರಳಿಗೆ ಜಾಗವಾಗುವಂತೆ ಫ್ರೇಮ್ (ಪಿಸ್ತೂಲಿನ ಮೈಕಟ್ಟು) ಕೆತ್ತಿದರು. ಹಿಂದಿನ ಚಾಚನ್ನು ಉದ್ದ ಮಾಡಿದರು. ಯಂತ್ರದ ಕೆಲಸ ಹಾಗೇ ಇತ್ತು. ಬದಲಾದದ್ದು ಬಹುತೇಕ ಕೈ ಮುಟ್ಟುವ ಜಾಗಗಳೇ. ನೂರು ವರ್ಷದ ಹಿಂದಿನ ಆ ಪಟ್ಟಿಯನ್ನು ಓದಿದಾಗ ನನಗೆ ಬಹಳ ಖುಷಿಯಾಯಿತು. ನಾವು ಈಗ ಅಳೆಯುವುದನ್ನೇ ಅವರೂ ಅಳೆದಿದ್ದರು.

ಕೋನ ಒಪ್ಪದಿದ್ದರೆ ಎರಡು ದಾರಿ. ಬೆನ್ನಿನ ತುಂಡು ಬದಲಿಸಬಹುದಾದ ಪಿಸ್ತೂಲಾದರೆ ಬದಲಿಸಿ. ಇಲ್ಲದಿದ್ದರೆ ಮಣಿಕಟ್ಟಿಗೆ ಕಲಿಸಿ. ದಿನಕ್ಕೆ ಇಪ್ಪತ್ತು ಸಲ ಎತ್ತಿದರೆ ಕೆಲವು ವಾರಗಳಲ್ಲಿ ಕೈ ಕಲಿಯುತ್ತದೆ. ಬೆರಳು ಎಟುಕದಿರುವುದನ್ನು ಮಾತ್ರ ಅಭ್ಯಾಸದಿಂದ ಸರಿಮಾಡಲು ಆಗುವುದಿಲ್ಲ. ಬೆರಳು ಬೆಳೆಯುವುದಿಲ್ಲವಲ್ಲ. ಅದಕ್ಕೇ ಅದನ್ನು ಮೊದಲು ನೋಡಲು ಹೇಳಿದ್ದು.

ಹಂತ 5: ಸೀಮೆಸುಣ್ಣದ ಪುಡಿ

ಹಿಡಿಯ ದಪ್ಪ, ಬೆರಳ ಕಚ್ಚುಗಳು, ಪಕ್ಕೆಯ ಉಬ್ಬು ಇವೆಲ್ಲ ಕೈಗೆ ಎಲ್ಲಿ ತಾಗುತ್ತವೆ ಎಂದು ಕಣ್ಣಿಗೆ ಕಾಣುವುದಿಲ್ಲ. ಸೀಮೆಸುಣ್ಣವನ್ನು ನುಣ್ಣಗೆ ಪುಡಿ ಮಾಡಿ ಅಂಗೈಗೆ ತೆಳ್ಳಗೆ ಸವರಿಕೊಳ್ಳಿ. ಮನೆಯಲ್ಲಿದೆ ಎಂದು ರಂಗೋಲಿ ಪುಡಿ ಬೇಡ. ಅದು ತರಿಯಾಗಿರುತ್ತದೆ, ಯಂತ್ರದೊಳಗೆ ಹೋದರೆ ಸವೆತ. ಖಾಲಿ ಪಿಸ್ತೂಲನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಡಿ. ಬಿಳಿ ಎಲ್ಲಿ ಅಂಟಿದೆ, ಎಲ್ಲಿ ಕಪ್ಪಾಗಿಯೇ ಉಳಿದಿದೆ ನೋಡಿ.

ಬೆನ್ನಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಬಿಳಿ ಹಿಡಿದಿರಬೇಕು. ಎಡಪಕ್ಕೆಯಲ್ಲಿ ಮಾತ್ರ ಒಂದಷ್ಟು ಜಾಗ ಖಾಲಿ ಉಳಿಯಬೇಕು. ಎಡಗೈಯ ಅಂಗೈ ಬಂದು ಕೂರುವುದು ಅಲ್ಲೇ. ಹಿಡಿ ಬಹಳ ಸಣ್ಣದಾಗಿ ಬಲಗೈ ಬೆರಳುಗಳು ಪೂರ್ತಿ ಸುತ್ತಿ ಬಂದರೆ ಎಡಗೈಗೆ ಜಾಗವೇ ಇರುವುದಿಲ್ಲ. ದೊಡ್ಡ ಕೈಯವರ ತೊಂದರೆ ಇದು.

ಬೆರಳ ಕಚ್ಚುಗಳ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ. ಅವು ಹೊಂದಿದರೆ ಸ್ವರ್ಗ, ಹೊಂದದಿದ್ದರೆ ಇಲ್ಲದಿರುವುದೇ ವಾಸಿ. ಮೂರನೇ ತಲೆಮಾರಿನ ಗ್ಲಾಕ್ 22ರಲ್ಲಿ ಹೊಟ್ಟೆಯ ಮೇಲೆ ಕಚ್ಚುಗಳಿವೆ, 2017ರ ಐದನೇ ತಲೆಮಾರಿನಲ್ಲಿ ಅವನ್ನು ತೆಗೆದರು. ನಿಮ್ಮ ನಡುಬೆರಳು ಕಚ್ಚಿನ ದಿಣ್ಣೆಯ ಮೇಲೆ ಕೂತರೆ ಗಟ್ಟಿಯಾಗಿ ಹಿಡಿಯಲು ಆಗುವುದಿಲ್ಲ. ಪುಡಿಯ ಗುರುತಿನಲ್ಲಿ ಇದು ತಟ್ಟನೆ ಕಾಣುತ್ತದೆ.

ಹಂತ 6: ಯಾವ ಪಿಸ್ತೂಲಿನಲ್ಲಿ ಏನು ಬದಲಿಸಬಹುದು?

ಮಾಡೆಲ್ 10 ಎಲ್ಲಕ್ಕಿಂತ ಸುಲಭ. ಒಂದು ಸ್ಕ್ರೂ ತೆಗೆದರೆ ಹಿಡಿಯ ಮರದ ತುಂಡುಗಳು ಬರುತ್ತವೆ. ಹಳೆಯ ಸಣ್ಣ ಮರದ ಹಿಡಿಯಲ್ಲಿ ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಹಿಂದೆ ಟೊಳ್ಳು ಇರುತ್ತದೆ. ಒದೆತಕ್ಕೆ ನಡುಬೆರಳು ಆ ಟೊಳ್ಳಿನೊಳಗೆ ಏರಿ ಗಾರ್ಡಿಗೆ ಬಡಿಯುತ್ತದೆ. ಹಳೆಯ ಕಾಲದ ಪೊಲೀಸರು ಅದಕ್ಕೆ ಟೈಲರ್ ಟಿ-ಗ್ರಿಪ್ ಎಂಬ ಸಣ್ಣ ಲೋಹದ ತುಂಡು ಹಾಕುತ್ತಿದ್ದರು. ಆಮೇಲೆ ಪ್ಯಾಕ್‌ಮೇರ್ ರಬ್ಬರ್ ಹಿಡಿಗಳು ಬಂದವು. ರಬ್ಬರ್ ಒದೆತ ತಗ್ಗಿಸುತ್ತದೆ, ಆದರೆ ಬೆನ್ನನ್ನೂ ಮುಚ್ಚುವಂಥದ್ದಾದರೆ ಟ್ರಿಗರ್ ಇನ್ನೂ ದೂರವಾಗುತ್ತದೆ. ಸಣ್ಣ ಕೈಗೆ ಬೆನ್ನಿನ ಉಕ್ಕನ್ನು ತೆರೆದು ಬಿಡುವ ಹಿಡಿ ಒಳ್ಳೆಯದು.

ಗ್ಲಾಕ್ 22ರಲ್ಲಿ ತಲೆಮಾರು ನೋಡಿ ಕೊಳ್ಳಿ. ಮೂರನೆಯದರ ಬೆನ್ನು ಬದಲಾಗುವುದಿಲ್ಲ. 2010ರ ನಾಲ್ಕನೆಯದರಲ್ಲಿ ಬೆನ್ನಿನಿಂದ ಟ್ರಿಗರ್‌ವರೆಗಿನ ದೂರ ಮೊದಲೇ 2 ಎಂ.ಎಂ. ಕಡಿಮೆ. ಅದರ ಮೇಲೆ ಬೇಕಾದರೆ 2 ಅಥವಾ 4 ಎಂ.ಎಂ. ಬೆನ್ನು ಹಾಕಿಕೊಳ್ಳಬಹುದು. ಎರಡು ಮಿಲಿಮೀಟರಿನಲ್ಲಿ ಏನಿದೆ ಎಂದು ಸುಮ್ನೆ ತಳ್ಳಿಹಾಕಬೇಡಿ. ಬೆರಳ ತುದಿಯಿಂದ ಬೆರಳ ಮಧ್ಯಕ್ಕೆ ಬರಲು ಅಷ್ಟೇ ಸಾಕು.

ಎಂ ಅಂಡ್ ಪಿ 40ಯ ಜೊತೆ ಮೂರು ಅಳತೆಯ ಬೆನ್ನಿನ ತುಂಡುಗಳು ಬರುತ್ತಿದ್ದವು. ಪೊಲೀಸರಿಂದ ಬಂದದ್ದರಲ್ಲಿ ಸಾಮಾನ್ಯವಾಗಿ ಒಂದೇ ಉಳಿದಿರುತ್ತದೆ, ಉಳಿದವನ್ನು ಬಿಡಿಯಾಗಿ ಕೊಳ್ಳಬೇಕು. ಸಿಗ್ ಪಿ226ಕ್ಕೆ ಗಿಡ್ಡ ಟ್ರಿಗರ್ ಮತ್ತು ತೆಳು ಹಿಡಿ ಎರಡೂ ಸಿಗುತ್ತವೆ. ಪಿ6 ಎಂಟೇ ತೋಟಾದ ಒಂಟಿ ಸಾಲಿನ ಮ್ಯಾಗಜಿನ್ ಪಿಸ್ತೂಲ್, ಹಿಡಿ ತೆಳು. ನನ್ನಂಥ ಕೈಗೆ ಅದನ್ನು ಹಿಡಿದ ಕೂಡಲೇ ಮನೆಗೆ ಬಂದ ಹಾಗಾಗುತ್ತದೆ. ಬೆರೆಟ್ಟಾಕ್ಕೆ ತೆಳು ಪಕ್ಕೆಗಳು ಸಿಗುತ್ತವೆ, ಆದರೆ ಬೆನ್ನು ಫ್ರೇಮಿನದೇ ಭಾಗವಾದ್ದರಿಂದ ಎಟುಕು ಜಾಸ್ತಿ ಬದಲಾಗುವುದಿಲ್ಲ.

ಪ್ಲಾಸ್ಟಿಕ್ ಫ್ರೇಮನ್ನು ಬಿಸಿ ಕಡ್ಡಿಯಿಂದ ಚುಚ್ಚಿ ಒರಟು ಮಾಡುವುದು, ಉಜ್ಜಿ ತೆಳು ಮಾಡುವುದು ಉಂಟು. ಮಾಡಿದರೆ ಮತ್ತೆ ಹಿಂದಕ್ಕೆ ಬರುವುದಿಲ್ಲ. ಮೊದಲು ಅಂಟಿಸುವ ಒರಟು ಟೇಪ್ ಹಾಕಿ ಒಂದೆರಡು ತಿಂಗಳು ನೋಡಿ. ಜಾರುವುದಷ್ಟೇ ತೊಂದರೆಯಾದರೆ ಅದರಲ್ಲೇ ಮುಗಿಯುತ್ತದೆ. ರಬ್ಬರ್ ತೋಳು ತೊಡಿಸುವ ಮುನ್ನ ನೆನಪಿರಲಿ: ಅದು ಎಲ್ಲ ಕಡೆಯೂ ದಪ್ಪ ಸೇರಿಸುತ್ತದೆ.

ಹಂತ 7: ಗುರಿಯ ಮೈದಾನದಲ್ಲಿ

ಒಂದು ಸಲಕ್ಕೆ ಒಂದೇ ಬದಲಾವಣೆ. ಒಂದೇ ಪೆಟ್ಟಿಗೆಯ ತೋಟಾ. ಏಳು ಗಜ, ಅಂದರೆ ಸುಮಾರು 6.4 ಮೀಟರ್ ದೂರ. ಹಳೆಯ ಹಿಡಿಯಲ್ಲಿ ಐದು ಗುಂಡಿನಂತೆ ಮೂರು ಸರದಿ, ಹೊಸ ಹಿಡಿಯಲ್ಲಿ ಮೂರು ಸರದಿ, ಕೊನೆಗೆ ಹಳೆಯದರಲ್ಲಿ ಮತ್ತೊಂದು. ಆ ಕೊನೆಯ ಸರದಿಯನ್ನು ಬಿಡಬೇಡಿ. ಸುಧಾರಿಸಿದ್ದು ಹಿಡಿಯಿಂದಲೋ, ಕೈ ಪಳಗಿದ್ದರಿಂದಲೋ ಎಂದು ಅದರಿಂದ ತಿಳಿಯುತ್ತದೆ.

ಕಾಗದದಲ್ಲಿ ಎರಡು ವಿಷಯ ಬೇರೆ ಬೇರೆ ನೋಡಿ. ಐದು ಗುಂಡುಗಳು ಎಷ್ಟು ಹತ್ತಿರ ಬಿದ್ದಿವೆ? ಆ ಗುಂಪು ಎಲ್ಲಿ ಬಿದ್ದಿದೆ? ಮೊದಲು ಗುಂಪು ಸಣ್ಣದಾಗಬೇಕು. ಅದು ಎಲ್ಲಿ ಬಿತ್ತು ಎಂಬ ಚಿಂತೆ ಆಮೇಲೆ. ಗುಂಪು ಗಟ್ಟಿಯಾಗಿ, ಆದರೂ ಪಕ್ಕಕ್ಕೆ ಬೀಳುತ್ತಿದ್ದರೆ ಮಾತ್ರ ಸೈಟಿಗೆ ಕೈ ಹಾಕಿ. ಬಲಗೈಯವರಿಗೆ ಗುಂಡು ಕೆಳಗೆ ಎಡಕ್ಕೆ ಹರಡುತ್ತಿದ್ದರೆ, ಟ್ರಿಗರ್ ಎಳೆಯುವಾಗ ಇಡೀ ಮುಷ್ಟಿ ಬಿಗಿಯುತ್ತಿದೆ ಎಂದು ಅನುಮಾನಿಸಿ. ಅದು ಹಿಡಿತದ ದೋಷ. ಹೊಸ ಹಿಡಿ ಕೊಂಡರೆ ಹೋಗುವುದಿಲ್ಲ.

ಸ್ನೇಹಿತರೊಬ್ಬರು ಪಕ್ಕದಲ್ಲಿ, ನಿಮ್ಮ ಹಿಂದಿನ ಸಾಲಿನಲ್ಲಿ ನಿಂತು ಕೈಯ ವಿಡಿಯೋ ತೆಗೆಯಲಿ. ಗುಂಡು ಹಾರಿದ ಮೇಲೆ ಎಡಗೈ ಬಿಟ್ಟು ಮತ್ತೆ ಹಿಡಿಯುತ್ತೀರಾ? ಕವಲು ಕೆಳಗೆ ಜಾರುತ್ತದೆಯೇ? ಪಿಸ್ತೂಲ್ ನಡುನಡುವೆ ಸಿಕ್ಕಿಕೊಂಡರೆ ಮಣಿಕಟ್ಟು ಸಡಿಲವಿರಬಹುದು. ಸ್ಲೈಡ್ ಪೂರ್ತಿ ಹಿಂದೆ ಹೋಗಲು ಫ್ರೇಮ್ ನಿಂತಲ್ಲಿ ನಿಲ್ಲಬೇಕು. ಹಳೆಯ ಪಿಸ್ತೂಲಾದ್ದರಿಂದ ಸ್ಲೈಡನ್ನು ಮತ್ತೆ ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ದಣಿದಿರುವುದು ಕೂಡ ಕಾರಣವಾಗಬಹುದು. ಕೊಂಡ ವಾರವೇ ಅದನ್ನು ಬದಲಿಸಿಬಿಡಿ, ದೊಡ್ಡ ಖರ್ಚಲ್ಲ. ರಾತ್ರಿ ಹೊಳೆಯುವ ಸೈಟ್ ಮಂಕಾಗಿದ್ದರೆ ಗಾಬರಿ ಬೇಡ. ಅದರೊಳಗಿನ ಟ್ರಿಟಿಯಂ ಸುಮಾರು 12 ವರ್ಷಕ್ಕೆ ಅರ್ಧವಾಗುತ್ತದೆ.

ಕಿವಿಗೆ, ಕಣ್ಣಿಗೆ ರಕ್ಷಣೆ ಇಲ್ಲದೆ ಒಂದು ಗುಂಡೂ ಹಾರಿಸಬೇಡಿ. ಮುಗಿದ ಮೇಲೆ ತಣ್ಣೀರು, ಸೋಪು ಹಾಕಿ ಕೈ ತೊಳೆಯಿರಿ. ತೋಟಾದ ಸೀಸ ಬೆರಳಿಗೆ ಅಂಟಿರುತ್ತದೆ. ಆಮೇಲಷ್ಟೇ ಬುತ್ತಿ ಬಿಚ್ಚಿ.

ಮನೆಗೆ ಬಂದು ಹಿಡಿಯ ಸ್ಕ್ರೂಗಳನ್ನು ಒಮ್ಮೆ ನೋಡಿ. ಹಳೆಯ ಮರ ಒಣಗಿ ಕುಗ್ಗಿರುತ್ತದೆ, ಐವತ್ತು ಗುಂಡಿಗೇ ಸ್ಕ್ರೂ ಸಡಿಲವಾಗುವುದುಂಟು. ನಾನು ಸೈಟ್ ತಳ್ಳುತ್ತಿದ್ದ ಆ ಪಿಸ್ತೂಲಿಗೆ ಕೊನೆಗೆ ತೆಳು ಹಿಡಿಯೂ ಗಿಡ್ಡ ಟ್ರಿಗರೂ ಬಂದವು. ಹಿಂದಿನ ಸೈಟನ್ನು ಮತ್ತೆ ನಡುವಿಗೆ ತರಬೇಕಾಯಿತು.